ಜೀಪು ನೆನೆದದ್ದು ಒಂದು ದಿನ, ನಿಂತದ್ದು ಮೂರನೇ ದಿನ

ಮಕ್ಕಳೇ, ಮಲೆನಾಡಿನ ಗುಡ್ಡದ ಊರುಗಳ ಕಡೆ ಹೋಗಿದ್ದರೆ ನೀವು ತೆರೆದ ಜೀಪುಗಳನ್ನು ನೋಡಿರುತ್ತೀರಿ. ಬಸ್ಸು ಹತ್ತಲಾರದ ಏರನ್ನು ಅವು ಹತ್ತುತ್ತವೆ. ತೋಟಕ್ಕೆ ಕೆಲಸದವರನ್ನು, ಸಂತೆಗೆ ಮೂಟೆಗಳನ್ನು, ಶಾಲೆಗೆ ಮಕ್ಕಳನ್ನು, ಆಸ್ಪತ್ರೆಗೆ ರೋಗಿಗಳನ್ನು ಸಾಗಿಸುವುದು ಅವೇ. ಮೇಲೆ ಒಂದು ಟಾರ್ಪಾಲು ಇರುತ್ತದೆ. ಬಿಸಿಲಿದ್ದರೆ ಅದನ್ನೂ ಸುತ್ತಿ ಹಿಂದಕ್ಕೆ ಕಟ್ಟಿಬಿಡುತ್ತಾರೆ.

ಕೆಲವು ವರ್ಷಗಳ ಹಿಂದೆ, ಹಿಂಗಾರಿನ ದಿನಗಳಲ್ಲಿ, ಪ್ರಯೋಗದ ಪೆಟ್ಟಿಗೆ ಹಿಡಿದುಕೊಂಡು ಅಂಥದೊಂದು ಜೀಪಿನಲ್ಲಿ ನಾನು ಗುಡ್ಡದ ಶಾಲೆಯೊಂದಕ್ಕೆ ಹೊರಟಿದ್ದೆ. ಜೀಪು ಹೊಸದು. ಅರ್ಧ ದಾರಿಯಲ್ಲಿ ಮಳೆ ಸುರಿಯಿತು. ಟಾರ್ಪಾಲು ಬಿಡಿಸಿ ಕಟ್ಟುವಷ್ಟರಲ್ಲಿ ಹತ್ತು ನಿಮಿಷವಾಯಿತು. ಸೀಟು, ನೆಲ, ಪೆಡಲು ಎಲ್ಲವೂ ತೊಯ್ದು ತೊಪ್ಪೆಯಾದವು.

"ಏನೂ ಆಗಲ್ಲ ಮೇಷ್ಟ್ರೇ, ಬಿಸಿಲು ಬಂದ್ರೆ ಒಣಗ್ತದೆ. ಜೀಪು ಇರೋದೇ ನೆನೆಯೋಕೆ" ಎಂದು ಚಾಲಕರು ನಕ್ಕರು.

ಅಂದು ನಿಜವಾಗಿಯೂ ಏನೂ ಆಗಲಿಲ್ಲ. ಮರುದಿನವೂ ಆಗಲಿಲ್ಲ. ಮೂರನೇ ದಿನ ಬೆಳಗಿನ ಜಾವ ಉಬ್ಬಸದಿಂದ ಬಳಲುತ್ತಿದ್ದ ಅಜ್ಜಿಯೊಬ್ಬರನ್ನು ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದಾಗ, ದಾರಿಯ ಒಂದು ಏರಿನಲ್ಲಿ ಚಾಲಕರ ಮುಂದಿನ ಹಳದಿ ದೀಪ ಹೊತ್ತಿಕೊಂಡಿತು. ಆಕ್ಸಿಲರೇಟರನ್ನು ಎಷ್ಟು ತುಳಿದರೂ ಜೀಪು ಆಮೆಯ ಹಾಗೆ ತೆವಳಿತು, ಏರು ಹತ್ತಲೇ ಇಲ್ಲ. ಹಿಂದಿನಿಂದ ಹಾಲಿನ ವ್ಯಾನೊಂದು ಬಂದದ್ದರಿಂದ ಅಜ್ಜಿ ಹೇಗೋ ಆಸ್ಪತ್ರೆ ಸೇರಿದರು. ಎರಡು ದಿನ ಬಿಸಿಲಿಗೆ ಒಣಗಿದ ಜೀಪು ಮಳೆಯೇ ಇಲ್ಲದ ದಿನ ಕೆಟ್ಟಿತ್ತು. ಕಾರಣ ಮಾತ್ರ ಅಂದಿನ ಆ ಮಳೆಯೇ! ಅದು ಹೇಗೆ?

ಹಳೆಯ ಜೀಪಿನ ಧೈರ್ಯ

ಜೀಪು ಹುಟ್ಟಿದ್ದು ಎರಡನೆಯ ಮಹಾಯುದ್ಧದ ಕಾಲದಲ್ಲಿ, ಅಮೆರಿಕದಲ್ಲಿ. 1941ರಿಂದ ವಿಲ್ಲಿಸ್ ಕಂಪನಿ ಸೈನ್ಯಕ್ಕಾಗಿ ತಯಾರಿಸಿದ ಜೀಪಿಗೆ ಬಾಗಿಲೂ ಇರಲಿಲ್ಲ, ಗಟ್ಟಿ ಚಾವಣಿಯೂ ಇರಲಿಲ್ಲ. ಒಂದು 6 ವೋಲ್ಟ್ ಬ್ಯಾಟರಿ, ದೀಪಗಳು, ಹಾರನ್ನು, ಸೆಲ್ಫ್ ಮೋಟಾರು, ಪೆಟ್ರೋಲಿಗೆ ಕಿಡಿ ಹಚ್ಚುವ ವ್ಯವಸ್ಥೆ: ಅದರಲ್ಲಿ ವಿದ್ಯುತ್ತಿನ ಕೆಲಸ ಬಹುಮಟ್ಟಿಗೆ ಇಷ್ಟೇ. ಇವುಗಳಲ್ಲಿ ನೀರಿಗೆ ಬೇಗ ಸೋಲುತ್ತಿದ್ದದ್ದು ಕಿಡಿಯ ಭಾಗ. ಕಿಡಿ ಹಾರಲು ಸಾವಿರಾರು ವೋಲ್ಟ್ ಬೇಕು. ಒದ್ದೆಯ ಪದರವಿದ್ದರೆ ವಿದ್ಯುತ್ತು ಅದರ ಮೇಲೆಯೇ ಸೋರಿಹೋಗಿ ಎಂಜಿನ್ನು ನಿಲ್ಲುತ್ತದೆ. ಅದಕ್ಕಾಗಿಯೇ 1950ರಲ್ಲಿ ಬಂದ 'ಎಂ-38' ಎಂಬ ಸೈನ್ಯದ ಜೀಪಿನಲ್ಲಿ ಈ ಭಾಗಗಳಿಗೆ ನೀರು ನುಗ್ಗದಂತೆ ಬಿಗಿಯಾದ ಹೊದಿಕೆ ಹಾಕಿದರು.

ನಮ್ಮ ದೇಶದಲ್ಲಿ 1947ರಲ್ಲಿ ಮಹೀಂದ್ರ ಕಂಪನಿ ಮುಂಬಯಿಯಲ್ಲಿ ವಿಲ್ಲಿಸ್ ಜೀಪುಗಳನ್ನು ಜೋಡಿಸಲು ಆರಂಭಿಸಿತು. ಮುಂದೆ ಬಂದ ಡೀಸೆಲ್ ಜೀಪುಗಳಂತೂ ಮಳೆಗೆ ಇನ್ನೂ ಗಟ್ಟಿ. ಡೀಸೆಲ್ ಎಂಜಿನ್ನಿಗೆ ಕಿಡಿಯೇ ಬೇಡ. ಗಾಳಿಯನ್ನು ಬಲವಾಗಿ ಅದುಮಿದರೆ ಅದು ಬಿಸಿಯಾಗುತ್ತದೆ. ಸೈಕಲ್ ಪಂಪು ಹೊಡೆದ ಮೇಲೆ ಅದರ ತಳವನ್ನು ಮುಟ್ಟಿ ನೋಡಿ. ಎಂಜಿನ್ನಿನೊಳಗೆ ಗಾಳಿ ಎಷ್ಟು ಕಾಯುತ್ತದೆಂದರೆ ಅದರೊಳಗೆ ಚಿಮ್ಮಿದ ಡೀಸೆಲ್ ತಾನಾಗಿಯೇ ಹೊತ್ತಿಕೊಳ್ಳುತ್ತದೆ. ಚಿಮ್ಮಿಸುವ ಪಂಪನ್ನು ಎಂಜಿನ್ನೇ ತಿರುಗಿಸುತ್ತಿತ್ತು. ಹಾಗಾಗಿ ಅಂಥ ಅನೇಕ ಜೀಪುಗಳು ಒಮ್ಮೆ ಚಾಲೂ ಆದರೆ ವಿದ್ಯುತ್ತಿನ ಹಂಗಿಲ್ಲದೆ ಓಡುತ್ತಿದ್ದವು. ಸೆಲ್ಫ್ ಕೆಟ್ಟರೆ ಇಳಿಜಾರಿನಲ್ಲಿ ತಳ್ಳಿದರೆ ಸಾಕಿತ್ತು.

ಹೊಸ ಜೀಪು ಹಾಗಲ್ಲ. ಎಷ್ಟು ಡೀಸೆಲ್, ಯಾವ ಕ್ಷಣದಲ್ಲಿ ಚಿಮ್ಮಬೇಕು ಎಂಬುದನ್ನು ಅದರಲ್ಲಿ ಒಂದು ಪುಟ್ಟ ಕಂಪ್ಯೂಟರ್ ನಿರ್ಧರಿಸುತ್ತದೆ. ಇದಕ್ಕೆ ಇ.ಸಿ.ಯು. ಎಂದು ಹೆಸರು. ಎಂಜಿನ್ನಿನ ಬಿಸಿ, ಗಾಳಿಯ ಒತ್ತಡ, ಚಕ್ರದ ವೇಗ ಎಲ್ಲವನ್ನೂ ಸಂವೇದಕಗಳು ಅದಕ್ಕೆ ಕ್ಷಣಕ್ಷಣವೂ ತಿಳಿಸುತ್ತಿರುತ್ತವೆ. "ಹಳೇ ಜೀಪೇ ಚೆನ್ನಾಗಿತ್ತು" ಎನ್ನುವವರ ಮಾತನ್ನು ನಾನು ಪೂರ್ತಿ ಒಪ್ಪುವುದಿಲ್ಲ. ಅದರ ಹಿಂದೆ ಸೈಕಲ್ ತುಳಿದವರಿಗೆ ಅದರ ಹೊಗೆ ಎಂಥದೆಂದು ಗೊತ್ತು. ಆ ಹೊಗೆ ಕಡಿಮೆಯಾದದ್ದರಲ್ಲಿ ಈ ಕಂಪ್ಯೂಟರಿನ ಪಾಲು ದೊಡ್ಡದು.

ನಮ್ಮ ಜೀಪಿನ ರೋಗವಿದ್ದದ್ದು ಆಕ್ಸಿಲರೇಟರ್ ಪೆಡಲಿನಲ್ಲಿ. ಹಿಂದೆ ಪೆಡಲಿನಿಂದ ಎಂಜಿನ್ನಿಗೆ ಒಂದು ಉಕ್ಕಿನ ಕೇಬಲ್ ಇರುತ್ತಿತ್ತು, ಸೈಕಲ್ಲಿನ ಬ್ರೇಕ್ ಕೇಬಲ್ ಇದ್ದ ಹಾಗೆ. ಈಗ ಅದರ ಜಾಗದಲ್ಲಿ ಸಂವೇದಕವಿದೆ. ಪೆಡಲನ್ನು ಎಷ್ಟು ಒತ್ತಿದಿರಿ ಎಂಬುದನ್ನು ಅದು 0ಯಿಂದ 5 ವೋಲ್ಟ್ ಒಳಗಿನ ಒಂದು ಸಣ್ಣ ಸಂಕೇತವಾಗಿ ಕಳುಹಿಸುತ್ತದೆ. ಈ ವೈರುಗಳು ಕೂಡುವ ಪ್ಲಾಸ್ಟಿಕ್ ಗೂಡಿಗೆ ಮೆಕ್ಯಾನಿಕ್ಕುಗಳು 'ಕಪ್ಲರ್' ಎನ್ನುತ್ತಾರೆ. ಅದರೊಳಗೆ ಪುಟ್ಟ ಪಿನ್ನುಗಳು ಕೆಲವೇ ಮಿಲಿಮೀಟರು ಅಂತರದಲ್ಲಿ ಸಾಲಾಗಿ ನಿಂತಿರುತ್ತವೆ. ನಮ್ಮ ಜೀಪಿನ ಆ ಕಪ್ಲರನ್ನು ಬಿಚ್ಚಿದಾಗ ಒಳಗೆ ಹಸಿರು ಪುಡಿ ಕಂಡಿತು. ತಾಮ್ರದ ಚೊಂಬನ್ನು ಹುಣಸೆಹಣ್ಣಿನಿಂದ ತೊಳೆಯದೆ ಬಿಟ್ಟರೆ ಹಿಡಿಯುತ್ತದಲ್ಲ, ಅದೇ ಕಿಲುಬು!

ಮಾಡಿ ನೋಡಿ

ಮೂರು ಟಾರ್ಚ್ ಸೆಲ್ಲುಗಳು, ಒಂದು ಕೆಂಪು ಎಲ್.ಇ.ಡಿ., ತುದಿ ಸುಲಿದ ತಾಮ್ರದ ತಂತಿಗಳು ಮತ್ತು ಒಂದು ಗಾಜಿನ ಲೋಟ ತೆಗೆದುಕೊಳ್ಳಿ. ಸೆಲ್ಲುಗಳನ್ನು ಸಾಲಾಗಿ ಜೋಡಿಸಿ, ಎಲ್.ಇ.ಡಿ.ಯನ್ನೂ ಸೇರಿಸಿ ಮಂಡಲ ಮಾಡಿ. ಆದರೆ ಒಂದು ಕಡೆ ಬಿಡುವಿರಲಿ. ಆ ಬಿಡುವಿನ ಎರಡು ತಂತಿಗಳ ತುದಿಗಳನ್ನು ಲೋಟದಲ್ಲಿ ಒಂದನ್ನೊಂದು ಮುಟ್ಟದಂತೆ ಇಳಿಬಿಡಿ. ಮೊದಲು ಬ್ಯಾಟರಿ ಅಂಗಡಿಯಲ್ಲಿ ಸಿಗುವ ಬಟ್ಟಿ ಇಳಿಸಿದ ನೀರನ್ನು ಹಾಕಿ. ಎಲ್.ಇ.ಡಿ. ಬೆಳಗುವುದಿಲ್ಲ. ಈಗ ಒಂದು ಚಮಚ ಉಪ್ಪು ಹಾಕಿ ಕಲಕಿ. ಬೆಳಗಿತೇ? (ಇಲ್ಲದಿದ್ದರೆ ಎಲ್.ಇ.ಡಿ.ಯ ಕಾಲುಗಳನ್ನು ಅದಲುಬದಲು ಮಾಡಿ.) ಮನೆಯ ಗೋಡೆಯ ಪ್ಲಗ್ಗಿನ ವಿದ್ಯುತ್ತನ್ನು ಇದಕ್ಕೆ ಎಂದೂ ಬಳಸಬೇಡಿ, ಅದು ಪ್ರಾಣ ತೆಗೆಯುತ್ತದೆ.

ಶುದ್ಧ ನೀರು ವಿದ್ಯುತ್ತನ್ನು ಬಹಳ ಕಡಿಮೆ ಹರಿಯಗೊಡುತ್ತದೆ. ಹರಿಸುವುದು ಅದರಲ್ಲಿ ಕರಗಿರುವ ಲವಣಗಳ ಅಯಾನುಗಳು. ಮಳೆಯ ನೀರು ಮೋಡದಿಂದ ಇಳಿಯುವಾಗ ಸಾಕಷ್ಟು ಶುದ್ಧವೇ. ಆದರೆ ಅದು ಸೀಟಿನ ಮೇಲೆ ಬಿದ್ದು, ಚಪ್ಪಲಿಯ ಕೆಸರು, ಬೆವರು, ಗೊಬ್ಬರದ ಮೂಟೆಯ ಪುಡಿ ಎಲ್ಲವನ್ನೂ ಕರಗಿಸಿಕೊಂಡು ಪೆಡಲಿನ ಬಳಿಗೆ ಬರುವಷ್ಟರಲ್ಲಿ ನಿಮ್ಮ ಲೋಟದ ಉಪ್ಪು ನೀರಿಗೆ ನೆಂಟನಾಗಿರುತ್ತದೆ.

ಲೋಟವನ್ನು ಅರ್ಧ ಗಂಟೆ ಹಾಗೆಯೇ ಬಿಟ್ಟು ನೋಡಿ. ಋಣ ತುದಿಗೆ ಸೇರಿದ ತಂತಿಯ ಬಳಿ ಗುಳ್ಳೆಗಳು ಏಳುತ್ತಿರುತ್ತವೆ. ಧನ ತುದಿಯ ತಂತಿ ಕಳೆಗುಂದಿ, ಸುತ್ತಲ ನೀರಿನ ಬಣ್ಣ ತಿರುಗುತ್ತದೆ. ಅಲ್ಲಿ ತಾಮ್ರ ಕರಗುತ್ತಿದೆ. ತಂತಿಯನ್ನು ಬರೀ ನೀರಿನಲ್ಲಿ ಇಟ್ಟರೂ ಅದು ಸವೆಯುತ್ತದೆ, ಆದರೆ ಬಹಳ ನಿಧಾನವಾಗಿ. ವಿದ್ಯುತ್ತು ಹರಿದಾಗ ಸವೆತ ಬೇಗ. ಕಪ್ಲರಿನೊಳಗೂ ಹೀಗೆಯೇ ಆಯಿತು. ಒಳಗೆ ಸಿಕ್ಕಿಬಿದ್ದ ಹನಿಗೆ ಬಿಸಿಲೂ ತಾಗಲಿಲ್ಲ, ಗಾಳಿಯೂ ಆಡಲಿಲ್ಲ. ಜೀಪು ಓಡಿದಷ್ಟು ಹೊತ್ತೂ ಪಿನ್ನು ಸವೆಯುತ್ತಿತ್ತು. ನೀರು ಆರಿದಂತೆಲ್ಲ ಉಳಿದ ಹನಿ ಇನ್ನಷ್ಟು ಉಪ್ಪಾಯಿತು. ಕೊನೆಗೆ ಉಳಿದ ಪುಡಿ ಬೆಳಗಿನ ಮಂಜಿನ ತೇವವನ್ನು ಹೀರಿಕೊಂಡು ಪಿನ್ನಿನಿಂದ ಪಿನ್ನಿಗೆ ಸೇತುವೆಯಾಯಿತು.

ಹಾಗಾದರೆ ಜೀಪು ಪೂರ್ತಿ ನಿಲ್ಲದೆ ತೆವಳಿದ್ದೇಕೆ? ಪೆಡಲಿನಲ್ಲಿ ಒಂದಲ್ಲ, ಎರಡು ಸಂವೇದಕಗಳಿರುತ್ತವೆ. ಇ.ಸಿ.ಯು. ಎರಡರ ಮಾತನ್ನೂ ಹೋಲಿಸಿ ನೋಡುತ್ತದೆ. ಒಂದರ ವಿದ್ಯುತ್ತು ಸೋರಿ ತಪ್ಪು ಲೆಕ್ಕ ಬಂದರೆ ಎರಡರ ಮಾತೂ ತಾಳೆಯಾಗುವುದಿಲ್ಲ. ತಪ್ಪು ಸಂಕೇತವನ್ನೇ ನಂಬಿದರೆ ಜೀಪು ತಾನಾಗಿ ವೇಗ ಹೆಚ್ಚಿಸಿಕೊಂಡು ಪ್ರಪಾತಕ್ಕೆ ನುಗ್ಗಬಹುದು. ಆದ್ದರಿಂದ ಅದು ಅನುಮಾನ ಬಂದ ಕೂಡಲೇ ಎಂಜಿನ್ನಿನ ಶಕ್ತಿಯನ್ನು ಇಳಿಸಿಬಿಡುತ್ತದೆ. ಅಂದು ಜೀಪು ಮೊಂಡು ಹಿಡಿದಂತೆ ಕಂಡರೂ ಅದು ಮಾಡಿದ್ದು ರಕ್ಷಣೆಯ ಕೆಲಸ.

ಮುಚ್ಚಿದ ಪೆಟ್ಟಿಗೆಗೆ ನೀರು ಹೇಗೆ ಹೋಯಿತು?

ಹನಿ ಮೇಲಿನಿಂದಲೇ ಬೀಳಬೇಕೆಂದಿಲ್ಲ. ಬಿಸಿಲಿನಲ್ಲಿ 60 ಡಿಗ್ರಿ ಸೆಲ್ಸಿಯಸ್ ಕಾದ ಪೆಟ್ಟಿಗೆಯ ಮೇಲೆ ತಣ್ಣನೆಯ ಮಳೆ ಬಿದ್ದು ಅದು 25 ಡಿಗ್ರಿಗೆ ಇಳಿಯಿತೆನ್ನಿ. ಒಳಗಿನ ಗಾಳಿ ಸುಮಾರು ಹತ್ತನೇ ಒಂದು ಭಾಗ ಕುಗ್ಗಲು ನೋಡುತ್ತದೆ. ಆಗ ಪೆಟ್ಟಿಗೆ ಉಸಿರೆಳೆದುಕೊಳ್ಳುತ್ತದೆ. ಸಂದಿಯಲ್ಲಿ ನಿಂತ ನೀರು ಗಾಳಿಯ ಬದಲು ಒಳಗೆ ನುಗ್ಗುತ್ತದೆ. ಇನ್ನೊಂದು ಕಳ್ಳದಾರಿ ವೈರಿನ ಒಳಗೇ ಇದೆ. ದೀಪದ ಬತ್ತಿಯಲ್ಲಿ ಎಣ್ಣೆ ಏರುವಂತೆ, ವೈರಿನ ಸಣ್ಣ ಎಳೆಗಳ ನಡುವೆ ನೀರು ಹರಿದು ದೂರದ ಪೆಟ್ಟಿಗೆಯನ್ನು ಸೇರಬಲ್ಲದು.

ಇವಕ್ಕೆಲ್ಲ ಎಂಜಿನಿಯರುಗಳು ಉಪಾಯ ಹೂಡಿದ್ದಾರೆ. ಪೆಟ್ಟಿಗೆಗೆ ಗಾಳಿಯನ್ನು ಬಿಟ್ಟು ನೀರನ್ನು ತಡೆಯುವ ತೆಳುವಾದ ಪೊರೆಯ ಕಿಂಡಿ ಇಡುತ್ತಾರೆ. ವೈರು ಹೊಗುವಲ್ಲಿ ರಬ್ಬರಿನ ಉಂಗುರ ಹಾಕುತ್ತಾರೆ. ಒಳಗಿನ ಸರ್ಕಿಟ್ ಹಲಗೆಗೆ ವಾರ್ನಿಷಿನಂಥ ಲೇಪ ಬಳಿಯುತ್ತಾರೆ. ತೆರೆದ ಜೀಪುಗಳ ನೆಲದಲ್ಲಿ ನೀರು ಹೊರಹೋಗಲು ಬಿರಡೆ ಹಾಕಿದ ತೂತುಗಳಿರುವುದೂ ಉಂಟು. ನನಗೆ ಬಹಳ ಇಷ್ಟವಾದದ್ದು ಕಾಸು ಖರ್ಚಿಲ್ಲದ ಉಪಾಯ: ವೈರನ್ನು ಪೆಟ್ಟಿಗೆಗೆ ನೇರವಾಗಿ ತರದೆ, ಮೊದಲು ಕೆಳಕ್ಕೆ ಜೋಲುಬಿಟ್ಟು ಆಮೇಲೆ ಮೇಲಕ್ಕೆ ತರುವುದು. ಹನಿ ಜೋಲಿನ ತಳಕ್ಕೆ ಹೋಗಿ ನೆಲಕ್ಕೆ ಬೀಳುತ್ತದೆ. ಕಂಬದಿಂದ ನಿಮ್ಮ ಮನೆಗೆ ಬರುವ ವೈರನ್ನೂ ಗೋಡೆಯ ಬಳಿ ಹೀಗೆ ಬಾಗಿಸಿದ್ದಾರೆಯೇ? ದೂರದಿಂದಲೇ ನೋಡಿ.

ಯಾವ ಉಪಕರಣ ಎಷ್ಟು ನೀರು ತಡೆಯುತ್ತದೆ ಎನ್ನಲು ಒಂದು ಸಂಕೇತವಿದೆ. ಮೊಬೈಲ್ ಫೋನಿನ ವಿವರಗಳಲ್ಲಿ 'ಐಪಿ 54', 'ಐಪಿ 67' ಎಂದಿರುವುದನ್ನು ನೋಡಿರಬಹುದು. ಮೊದಲ ಅಂಕಿ ಧೂಳಿನದು, ಎರಡನೆಯದು ನೀರಿನದು. 4 ಎಂದರೆ ಎಲ್ಲ ಕಡೆಯಿಂದ ಎರಚುವ ನೀರನ್ನು ತಡೆಯುತ್ತದೆ. 7 ಎಂದರೆ ಒಂದು ಮೀಟರ್ ಆಳದ ನೀರಿನಲ್ಲಿ ಅರ್ಧ ಗಂಟೆ ಮುಳುಗಿದರೂ ತಡೆಯುತ್ತದೆ. ಆದರೆ ಈ ಪರೀಕ್ಷೆ ನಡೆಯುವುದು ಹೊಸ ವಸ್ತುವಿನ ಮೇಲೆ, ಅದೂ ಶುದ್ಧ ನೀರಿನಲ್ಲಿ. ರಬ್ಬರಿನ ಉಂಗುರ ಹಳೆಯದಾಗಿ ಬಿರಿದರೆ ಅಂಕಿ ಮಾತ್ರ ಉಳಿಯುತ್ತದೆ!

ಮೊಬೈಲ್ ಎಂದ ಕೂಡಲೇ ನೆನಪಾಯಿತು. ನೀರಿಗೆ ಬಿದ್ದ ಮೊಬೈಲನ್ನು ಅಕ್ಕಿಯ ಡಬ್ಬಿಯಲ್ಲಿ ಹೂತಿಡುವವರಿದ್ದಾರೆ. ಅಕ್ಕಿ ಒಳಗಿನ ಲವಣವನ್ನು ತೆಗೆಯಲಾರದು. ಮೊದಲು ಮಾಡಬೇಕಾದದ್ದು ಫೋನನ್ನು ಆರಿಸುವುದು. ಚಾರ್ಜಿಗಂತೂ ಹಾಕಲೇಬಾರದು. ಏಕೆಂದು ನಿಮ್ಮ ಲೋಟದ ಪ್ರಯೋಗ ಈಗಾಗಲೇ ಹೇಳಿದೆ.

ನಮ್ಮ ಜೀಪನ್ನು ರಿಪೇರಿ ಮಾಡಿದವರೂ ಮೊದಲು ಬ್ಯಾಟರಿಯ ಋಣ ತುದಿಯ ತಂತಿಯನ್ನು ಕಳಚಿದರು. ಆಮೇಲೆ ಕಿಲುಬು ತೆಗೆದು, ಸವೆದ ಪಿನ್ನುಗಳನ್ನು ಬದಲಿಸಿ, ಹೊಸ ರಬ್ಬರ್ ಹಾಕಿದರು. ಈಗ ಚಾಲಕರು ಟಾರ್ಪಾಲನ್ನು ಬಿಚ್ಚುವುದೇ ಅಪರೂಪ. ಮಳೆಯಲ್ಲಿ ನೆನೆದ ದಿನ ಮನೆ ತಲುಪಿದ ಮೇಲೆ ನೆಲದ ಚಾಪೆ ಎತ್ತಿ, ಪೆಡಲಿನ ಸುತ್ತ ಬಟ್ಟೆಯಿಂದ ಒರೆಸುತ್ತಾರೆ.

ಕೊನೆಗೆ ನಿಮಗೊಂದು ಪ್ರಶ್ನೆ. ಹಳೆಯ ಡೀಸೆಲ್ ಜೀಪು ಎಂಥ ಮಳೆಯಲ್ಲೂ ಓಡುತ್ತಿತ್ತು. ಆದರೆ ಆಳವಾದ ಹಳ್ಳ ದಾಟುವಾಗ ಮಾತ್ರ ಅದೂ ಒಮ್ಮೊಮ್ಮೆ ನಿಂತುಬಿಡುತ್ತಿತ್ತು. ಅದಕ್ಕೆ ಕಿಡಿಯೂ ಬೇಡ, ಕಂಪ್ಯೂಟರೂ ಇಲ್ಲ. ಮತ್ತೇಕೆ ನಿಂತಿತು? ಎಂಜಿನ್ನು ಏನನ್ನು ಉಸಿರಾಡುತ್ತದೆ, ಅದರ ಮೂಗು ಎಲ್ಲಿದೆ ಎಂದು ಯೋಚಿಸಿ, ಉತ್ತರವನ್ನು ನಿಮ್ಮ ವಿಜ್ಞಾನ ಶಿಕ್ಷಕರಿಗೆ ಹೇಳಿ.