ಕಾನ್ಪುರದ ಗುಜರಿ, ಬೆಂಗಳೂರಿನ ರೆಕ್ಕೆ

ಅಮೆರಿಕದ ಅರಿಜೋನಾ ಮರುಭೂಮಿಯ ಟೂಸಾನ್‌ನಲ್ಲಿ ಒಂದಿದೆ. ಫ್ಲಾರಿಡಾದಲ್ಲಿ ಒಂದು, ಮ್ಯಾಸಚೂಸೆಟ್ಸ್‌ನಲ್ಲಿ ಒಂದು. ಕೆನಡಾದ ಒಟ್ಟಾವಾದಲ್ಲಿ ಇನ್ನೊಂದು. ಬ್ರಿಟನ್ನಿನ ರಾಯಲ್ ಏರ್‌ಫೋರ್ಸ್ ಮ್ಯೂಸಿಯಂನಲ್ಲಿ ಮತ್ತೊಂದು. ನಮ್ಮದೇ ದೆಹಲಿಯ ಪಾಲಂನ ವಾಯುಪಡೆ ಮ್ಯೂಸಿಯಂನಲ್ಲಿ ಆರನೆಯದು. ಎಲ್ಲವೂ ಎರಡನೇ ಮಹಾಯುದ್ಧದ ದೈತ್ಯ ಬಾಂಬರ್‌ಗಳು, ಬಿ-24 ಲಿಬರೇಟರ್‌ಗಳು. ಹದಿನೆಂಟು ಸಾವಿರಕ್ಕೂ ಹೆಚ್ಚು ತಯಾರಾದ ಈ ವಿಮಾನಗಳಲ್ಲಿ ಇಂದು ಜಗತ್ತಿನಲ್ಲಿ ಇಡಿಯಾಗಿ ಉಳಿದಿರುವುದು ಬೆರಳೆಣಿಕೆಯಷ್ಟು. ಆ ಬೆರಳೆಣಿಕೆಯಲ್ಲಿ ಈ ಆರೂ ಒಂದು ಕಾಲಕ್ಕೆ ನಮ್ಮ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಮರುಜೀವ ಪಡೆದವು ಅಂದರೆ ನಂಬುತ್ತೀರಾ?

ನಂಬಲೇಬೇಕು. ಕಥೆ ಅಷ್ಟು ವಿಚಿತ್ರ, ಅಷ್ಟೇ ನಿಜ.

ಮೊದಲು ವಿಮಾನವನ್ನೇ ನೋಡಿ. ರೆಕ್ಕೆಯ ಈ ತುದಿಯಿಂದ ಆ ತುದಿಗೆ 110 ಅಡಿ. ನಾಲ್ಕು ಎಂಜಿನ್, ಒಂದೊಂದೂ 1,200 ಅಶ್ವಶಕ್ತಿಯದು. ಮೂತಿಯಲ್ಲಿ, ಬೆನ್ನ ಮೇಲೆ, ಹೊಟ್ಟೆಯಡಿ, ಬಾಲದಲ್ಲಿ, ಸೊಂಟದ ಎರಡೂ ಕಡೆ ಸೇರಿ ಹತ್ತು ಮಷಿನ್‌ಗನ್. ಹತ್ತು ಜನರ ಸಿಬ್ಬಂದಿ. ಅಮೆರಿಕ ಇಷ್ಟು ದೊಡ್ಡ ಸಂಖ್ಯೆಯಲ್ಲಿ ಇನ್ಯಾವ ಯುದ್ಧವಿಮಾನವನ್ನೂ ತಯಾರಿಸಿಲ್ಲ. ಕಾರು ಮಾಡುತ್ತಿದ್ದ ಫೋರ್ಡ್ ಕಂಪನಿ ಮಿಷಿಗನ್‌ನ ವಿಲ್ಲೋ ರನ್‌ನಲ್ಲಿ ಇದಕ್ಕೆಂದೇ ಕಾರ್ಖಾನೆ ಕಟ್ಟಿತು. 1944ರ ಹೊತ್ತಿಗೆ ಅಲ್ಲಿಂದ ಹೆಚ್ಚು ಕಡಿಮೆ ಗಂಟೆಗೊಂದು ಲಿಬರೇಟರ್ ಹೊರಬೀಳುತ್ತಿತ್ತು. ಗಂಟೆಗೊಂದು! ನಾವು ಕೂತು ಊಟ ಮಾಡಿ ಏಳುವಷ್ಟರಲ್ಲಿ ನಾಲ್ಕು ಎಂಜಿನ್ನಿನ ಬಾಂಬರ್ ಸಿದ್ಧ.

ಈ ಅಂಕಿಗಳೆಲ್ಲ ಹೊರಗಿನ ಮಾತು. ನನ್ನನ್ನು ಬೆರಗುಗೊಳಿಸುವುದು ಅದರ ಒಳಗು.

ವಿಮಾನದ ಹೊಟ್ಟೆಯ ನಡುವೆ ಬಾಂಬುಗಳ ಕೋಣೆ. ಎರಡೂ ಬದಿಯಲ್ಲಿ ಸಾಲಾಗಿ ತೂಗುವ ಬಾಂಬುಗಳು. ಅವುಗಳ ಮಧ್ಯೆ ಮುಂದಿನಿಂದ ಹಿಂದಕ್ಕೆ ಹೋಗಲು ಒಂದು ಲೋಹದ ಪಟ್ಟಿ, ಅಗಲ ಒಂಬತ್ತು ಇಂಚು. ಒಂದು ಪಾದದ ಮುಂದೆ ಇನ್ನೊಂದು ಪಾದ ಇಟ್ಟುಕೊಂಡೇ ನಡೆಯಬೇಕು. ಕೆಳಗಿನ ಬಾಗಿಲುಗಳೋ, ಅಂಗಡಿಯ ರೋಲಿಂಗ್ ಶಟರ್ ಥರ ಮೇಲಕ್ಕೆ ಸುತ್ತಿಕೊಳ್ಳುವ ತೆಳ್ಳನೆಯ ತಗಡು. ಕಾಲು ಜಾರಿ ಅದರ ಮೇಲೆ ಬಿದ್ದರೆ ಮನುಷ್ಯನ ಭಾರ ತಡೆಯುವಂಥದ್ದಲ್ಲ. ಬೆನ್ನಿಗೆ ಪ್ಯಾರಾಚೂಟ್ ಕಟ್ಟಿಕೊಂಡರೆ ಆ ಸಂದಿಯಲ್ಲಿ ನುಸುಳುವುದೇ ಕಷ್ಟ. ಇದರ ಮೇಲೆ, ಟ್ಯಾಂಕುಗಳಿಂದ ಸೋರಿದ ಪೆಟ್ರೋಲ್ ಆವಿ ಒಳಗೆ ತುಂಬಿಕೊಳ್ಳುವ ಭಯ. ಅದಕ್ಕಾಗಿ ಬಾಂಬ್ ಬಾಗಿಲನ್ನು ಒಂದಿಷ್ಟು ತೆರೆದಿಟ್ಟುಕೊಂಡೇ ಹಾರುವ ರೂಢಿ. ಯುರೋಪಿನ ಮೇಲೆ ಇಪ್ಪತ್ತು ಸಾವಿರ ಅಡಿಗೂ ಎತ್ತರ, ಸೊನ್ನೆಗಿಂತ ಮೂವತ್ತು ನಲವತ್ತು ಡಿಗ್ರಿ ಕೆಳಗಿನ ಚಳಿ. ಇಂದಿನ ಪ್ರಯಾಣಿಕ ವಿಮಾನದ ಹಾಗೆ ಒಳಗೆ ಗಾಳಿಯ ಒತ್ತಡ ಕಾಪಾಡುವ ಏರ್ಪಾಡು ಇಲ್ಲ. ಮೂಗಿಗೆ ಆಕ್ಸಿಜನ್ ಮಾಸ್ಕ್, ಮೈಗೆ ವಿದ್ಯುತ್ತಿನಿಂದ ಬಿಸಿಯಾಗುವ ಅಂಗಿ. ಸೊಂಟದ ಬಳಿಯ ಗನ್ ಹಿಡಿದವನ ಎದುರು ಅನೇಕ ವಿಮಾನಗಳಲ್ಲಿ ಗಾಜೂ ಇಲ್ಲ, ತೆರೆದ ಕಿಟಕಿ. ಬರಿಗೈಯಲ್ಲಿ ಲೋಹ ಮುಟ್ಟಿದರೆ ಚರ್ಮ ಅಲ್ಲೇ ಅಂಟಿಕೊಳ್ಳುತ್ತಿತ್ತು.

ಇದನ್ನೆಲ್ಲ ನಡೆಸಿದವರು ಯಾರು? ಬಹುಪಾಲು ಇಪ್ಪತ್ತು, ಇಪ್ಪತ್ತೆರಡರ ಹುಡುಗರು! ಮುಂದೆ 1972ರಲ್ಲಿ ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಸ್ಪರ್ಧಿಸಿದ ಜಾರ್ಜ್ ಮೆಕ್‌ಗವರ್ನ್ ಲಿಬರೇಟರ್ ಪೈಲಟ್ ಆಗಿ 35 ದಾಳಿಗಳಿಗೆ ಹಾರಿದಾಗ ಅವರ ವಯಸ್ಸು ಇಪ್ಪತ್ತೆರಡರ ಆಸುಪಾಸು. ಹಾಲಿವುಡ್ ನಟ ಜೇಮ್ಸ್ ಸ್ಟುವರ್ಟ್, ಆಸ್ಕರ್ ಗೆದ್ದ ಮೇಲೆ ಸೈನ್ಯ ಸೇರಿ, ಇಂಗ್ಲೆಂಡಿನಿಂದ ಲಿಬರೇಟರ್‌ಗಳನ್ನು ಜರ್ಮನಿಯ ಮೇಲೆ ಮುನ್ನಡೆಸಿದರು. 1943ರ ಆಗಸ್ಟ್ 1ರಂದು ರೊಮೇನಿಯಾದ ಪ್ಲೊಯೆಷ್ಟಿ ತೈಲಾಗಾರಗಳ ಮೇಲೆ ಮರದ ತುದಿಯೆತ್ತರದಲ್ಲಿ ಎರಗಲು 177 ಲಿಬರೇಟರ್‌ಗಳು ಹೊರಟವು. ಐವತ್ತಕ್ಕೂ ಹೆಚ್ಚು ಹಿಂದಿರುಗಲಿಲ್ಲ. ಒಂದೇ ದಿನದಲ್ಲಿ!

ನಮ್ಮ ನೆಲದಿಂದ ಹಾರಿದ ಲಿಬರೇಟರ್‌ಗಳ ಕಥೆ ಇಷ್ಟು ಪ್ರಸಿದ್ಧವಲ್ಲ, ಆದರೆ ರೋಚಕತೆಯಲ್ಲಿ ಕಡಿಮೆಯಿಲ್ಲ. ಬಂಗಾಳದ ಸಾಲ್ಬನಿ, ದಿಗ್ರಿ, ಪಾಂಡವೇಶ್ವರದಂಥ ಊರುಗಳ ರನ್‌ವೇಗಳಿಂದ ಬ್ರಿಟಿಷ್ ಮತ್ತು ಅಮೆರಿಕನ್ ಸ್ಕ್ವಾಡ್ರನ್‌ಗಳು ಬರ್ಮಾ, ಸಯಾಮಿನವರೆಗೆ ಹೋಗಿ ಬರುತ್ತಿದ್ದವು. 1944ರ ಅಕ್ಟೋಬರ್‌ನಲ್ಲಿ 159ನೇ ಸ್ಕ್ವಾಡ್ರನ್ನಿನ ಲಿಬರೇಟರ್‌ಗಳು ಮಲಯದ ಪೆನಾಂಗ್ ಬಂದರಿನ ನೀರಿನಲ್ಲಿ ಮೈನ್‌ಗಳನ್ನು ಬಿತ್ತಿ ಬಂದವು. ಹೋಗಿಬರುವ ದಾರಿ ಸುಮಾರು 3,000 ಮೈಲಿ, ಬಹುಪಾಲು ಸಮುದ್ರದ ಮೇಲೆ. ಇನ್ನೊಂದು ಕೇಳಿ. ಪಾಂಡವೇಶ್ವರದ ಅಮೆರಿಕನ್ನರು ಆ ವರ್ಷದ ಕೊನೆಯಲ್ಲಿ ಬರ್ಮಾದ ಸೇತುವೆಗಳ ಮೇಲೆ ಹಾಕಿದ್ದು ಸಾಮಾನ್ಯ ಬಾಂಬಲ್ಲ, ರೇಡಿಯೊ ಅಲೆಗಳ ಮೂಲಕ ಎಡಕ್ಕೆ ಬಲಕ್ಕೆ ತಿರುಗಿಸಬಹುದಾದ ಬಾಂಬು. ಇಂದು ಗೈಡೆಡ್ ಬಾಂಬ್ ಎಂದು ಟಿ.ವಿ.ಯಲ್ಲಿ ತೋರಿಸುತ್ತಾರಲ್ಲ, ಅದರ ಪೂರ್ವಜ ಬಂಗಾಳದ ಹಳ್ಳಿಗಾಡಿನಿಂದ 1944ರಲ್ಲೇ ಹಾರಿಹೋಗಿತ್ತು!

ಸಿನಿಮಾದಿಂದ ಜಗತ್ಪ್ರಸಿದ್ಧವಾದ ಕ್ವಾಯ್ ನದಿಯ ಸೇತುವೆಯನ್ನು ನಿಜದಲ್ಲಿ ಕೆಡವಿದ್ದೂ ಲಿಬರೇಟರ್‌ಗಳೇ, 1945ರಲ್ಲಿ. ಇಲ್ಲಿ ಬೆರಗಿನ ಜೊತೆ ಒಂದು ಕಹಿಯನ್ನೂ ನುಂಗಿಕೊಳ್ಳಬೇಕು. ಆ ಸೇತುವೆಯ ಮೇಲೆ ಹಾಯುತ್ತಿದ್ದ ರೈಲುದಾರಿ ಕಟ್ಟಿದವರು ಜಪಾನಿಗಳ ಸೆರೆಯಲ್ಲಿದ್ದ ಮಿತ್ರಪಡೆಯ ಯೋಧರು ಮತ್ತು ಮಲಯದ ರಬ್ಬರ್ ತೋಟಗಳಿಂದ ಎಳೆದೊಯ್ದ ತಮಿಳು ಕೂಲಿಗಳೂ ಸೇರಿದ ಲಕ್ಷಾಂತರ ಏಷ್ಯನ್ನರು. ದಾರಿಯ ಪಕ್ಕದ ಕ್ಯಾಂಪ್‌ಗಳಲ್ಲಿದ್ದ ಸೆರೆಯಾಳುಗಳು ಸ್ವಂತ ಪಕ್ಷದ ಬಾಂಬಿಗೇ ಬಲಿಯಾದರು. ಬಾಂಬರ್‌ಗಳನ್ನು ಮೆಚ್ಚುವವರು ಇದನ್ನು ಬಿಟ್ಟು ಮೆಚ್ಚಿದರೆ ಅದು ಅರೆಬರೆ ಮೆಚ್ಚುಗೆ.

ಯುದ್ಧ ಮುಗಿಯಿತು. ಈಗ ತಿರುವು. ಬ್ರಿಟಿಷರ ಲಿಬರೇಟರ್‌ಗಳು ಅವರ ಸ್ವಂತದ್ದಲ್ಲ, ಲೆಂಡ್-ಲೀಸ್ ಒಪ್ಪಂದದಡಿ ಅಮೆರಿಕ ಕೊಟ್ಟ ಕಡ. ಕರಾರು ಸರಳ: ಯುದ್ಧ ಮುಗಿದ ಮೇಲೆ ವಾಪಸು ಕೊಡಿ, ಇಲ್ಲವೇ ಬಳಸಲಾಗದಂತೆ ಮಾಡಿ. ವಾಪಸು ಒಯ್ಯುವ ಖರ್ಚು ಯಾರಿಗೆ ಬೇಕು? ಕಾನ್ಪುರದ ಚಕೇರಿಯ ಬಯಲಿಗೆ ತಂದು ಸಾಲಾಗಿ ನಿಲ್ಲಿಸಿದರು. ಮೈಯನ್ನು ಕೊಚ್ಚಿ ತೂತು ಮಾಡಿದರು, ಕಾಕ್‌ಪಿಟ್ಟಿನ ಮೀಟರುಗಳನ್ನು ಪುಡಿಗಟ್ಟಿದರು, ಎಂಜಿನ್ನಿಗೆ ಮರಳು ಸುರಿದರು. ಹೀಗೆ ನೂರಾರು ಹುಡುಗರನ್ನು ಹೊತ್ತು ಜೀವಂತ ಮರಳಿ ತಂದ ವಿಮಾನಗಳು ಮಳೆ ಬಿಸಿಲಿಗೆ ಬಿದ್ದ ಗುಜರಿಯಾದವು.

1948. ದೇಶ ಸ್ವತಂತ್ರ, ಕಾಶ್ಮೀರದಲ್ಲಿ ಯುದ್ಧ. ವಾಯುಪಡೆಯ ಬಳಿ ಭಾರಿ ಬಾಂಬರ್ ಒಂದೂ ಇಲ್ಲ, ಕೊಳ್ಳಲು ದುಡ್ಡೂ ಇಲ್ಲ. ಆಗ ಕಣ್ಣು ಬಿದ್ದದ್ದು ಈ ಗುಜರಿಯ ಮೇಲೆ. ಕೆಲಸ ವಹಿಸಿದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್‌ಗೆ, ಅಂದರೆ ಎಚ್‌ಎಎಲ್‌ಗೆ.

ಹುಟ್ಟಿ ಎಂಟು ವರ್ಷವಾಗಿದ್ದ ಕಾರ್ಖಾನೆಗೆ ಇಂಥ ಧೈರ್ಯ ಎಲ್ಲಿಂದ ಬಂತು? ಇದರ ಉತ್ತರ ಹುಡುಕುತ್ತ ಹೋದಾಗ ನನಗೆ ಮೈ ಜುಮ್ಮೆಂದದ್ದು. 1940ರ ಡಿಸೆಂಬರ್‌ನಲ್ಲಿ ಉದ್ಯಮಿ ವಾಲ್‌ಚಂದ್ ಹೀರಾಚಂದ್ ಈ ಕಾರ್ಖಾನೆ ಶುರು ಮಾಡಿದಾಗ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಮೈಸೂರು ಸರ್ಕಾರ ಜಾಗ ಕೊಟ್ಟು, 25 ಲಕ್ಷ ರೂಪಾಯಿ ಬಂಡವಾಳವನ್ನೂ ಹಾಕಿತ್ತು. 1943ರಲ್ಲಿ ಅಮೆರಿಕದ ವಾಯುಸೇನೆ ಬಂದು ಅದನ್ನು ತನ್ನ 84ನೇ ಏರ್ ಡಿಪೋ ಮಾಡಿಕೊಂಡಿತು. ಯುದ್ಧದಲ್ಲಿ ಜರ್ಜರಿತವಾದ ವಿಮಾನಗಳೆಲ್ಲ ರಿಪೇರಿಗೆ ಬೆಂಗಳೂರಿಗೆ. ನೀರಿನ ಮೇಲಿಳಿಯುವ ಕ್ಯಾಟಲಿನಾ ವಿಮಾನಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಹೌದು, ಅದೇ ಬೆಳ್ಳಂದೂರು ಕೆರೆ, ಇಂದು ನೊರೆಗೆ ಹೆಸರಾದದ್ದು!

ಈಗ ಬೆರಗಿನ ಎಳೆ ನೋಡಿ. ಸಾಮಾನು ಸಾಗಿಸುವ ಡಕೋಟಾದ ಎಂಜಿನ್ ಪ್ರಾಟ್ ಅಂಡ್ ವಿಟ್ನಿ ಕಂಪನಿಯ ಹದಿನಾಲ್ಕು ಸಿಲಿಂಡರಿನ ಆರ್-1830. ಕ್ಯಾಟಲಿನಾದ್ದೂ ಅದೇ. ಲಿಬರೇಟರ್‌ನದೂ ಅದೇ! ಮಾದರಿಯಲ್ಲಿ ಸಣ್ಣಪುಟ್ಟ ವ್ಯತ್ಯಾಸ ಇದ್ದೀತು, ಮೂಲ ಒಂದೇ. ಅಂದರೆ ಯುದ್ಧದ ವರ್ಷಗಳಲ್ಲಿ ಡಕೋಟಾ, ಕ್ಯಾಟಲಿನಾಗಳ ಎಂಜಿನ್ ಬಿಚ್ಚಿ ಜೋಡಿಸಿ ಕೈ ಪಳಗಿದ್ದ ಬೆಂಗಳೂರಿನ ಫಿಟ್ಟರ್‌ಗೆ, ಕಾನ್ಪುರದ ಮರಳು ತುಂಬಿದ ಎಂಜಿನ್ ಹೊಸದೇನಲ್ಲ. ಅಮೆರಿಕನ್ನರು ಹೋಗುವಾಗ ಬಿಟ್ಟುಹೋದ ಅತಿ ದೊಡ್ಡ ಆಸ್ತಿ ಯಂತ್ರಗಳಲ್ಲ, ಆ ಕೈಗಳು ಎಂದೇ ನನ್ನ ಲೆಕ್ಕ.

ಎಚ್‌ಎಎಲ್‌ನ ತಂಡ ಕಾನ್ಪುರಕ್ಕೆ ಹೋಯಿತು. ಒಂದರ ರಡ್ಡರ್ ಇನ್ನೊಂದಕ್ಕೆ, ಮತ್ತೊಂದರ ಚಕ್ರ ಮಗದೊಂದಕ್ಕೆ. ತೂತಿಗೆ ತಗಡಿನ ತೇಪೆ, ಮೇಲೆ ರಿವೆಟ್. ಪೂರ್ತಿ ರಿಪೇರಿ ಅಲ್ಲಿ ಸಾಧ್ಯವೇ ಇರಲಿಲ್ಲ. ಒಂದೇ ಒಂದು ಸಲ ಹಾರಿ ಬೆಂಗಳೂರು ಮುಟ್ಟಿದರೆ ಸಾಕು, ಮಿಕ್ಕಿದ್ದು ಅಲ್ಲಿ ನೋಡಿಕೊಂಡರಾಯಿತು ಎಂಬುದು ಲೆಕ್ಕಾಚಾರ.

ಆ ಒಂದು ಸಲ ಹಾರಿಸುವವರು ಯಾರು? ಎಚ್‌ಎಎಲ್‌ನ ಮುಖ್ಯ ಟೆಸ್ಟ್ ಪೈಲಟ್ ಜಮ್‌ಶೆಡ್ ಮುನ್ಶಿ, ಎಲ್ಲರ ಬಾಯಲ್ಲಿ ಜಿಮ್ಮಿ ಮುನ್ಶಿ. ಕಾನ್ಪುರದಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೂ 1,500 ಕಿಲೋಮೀಟರ್. ನರ್ಮದೆ, ಗೋದಾವರಿ, ಕೃಷ್ಣಾ ದಾಟಬೇಕು, ವಿಂಧ್ಯ ಸಾತ್ಪುರಗಳನ್ನು ಹಾಯಬೇಕು. ಎಲ್ಲ ಸರಿಯಿದ್ದರೂ ನಾಲ್ಕೈದು ಗಂಟೆಯ ಹಾರಾಟ. ಯಾವ ತೇಪೆ ಎಲ್ಲಿ ಬಿಡುತ್ತದೋ, ಯಾವ ಎಂಜಿನ್ ಎಲ್ಲಿ ಕೆಮ್ಮುತ್ತದೋ ಗೊತ್ತಿಲ್ಲ. ಇದನ್ನು ಅವರು ಒಮ್ಮೆ ಮಾಡಿ ಕೈತೊಳೆದುಕೊಳ್ಳಲಿಲ್ಲ. ಮತ್ತೆ ಕಾನ್ಪುರಕ್ಕೆ, ಮತ್ತೊಂದು ವಿಮಾನ, ಮತ್ತೆ ಬೆಂಗಳೂರು. ಹೀಗೆ ಬಂದು ಸೇರಿದ್ದು ನಲವತ್ತರ ಆಸುಪಾಸು! ಮುಂದೆ 1951ರ ಆಗಸ್ಟ್‌ನಲ್ಲಿ ವಿ.ಎಂ. ಘಾಟಗೆ ಅವರ ತಂಡ ವಿನ್ಯಾಸ ಮಾಡಿದ, ಸ್ವತಂತ್ರ ಭಾರತದ ಸ್ವಂತ ತರಬೇತಿ ವಿಮಾನ ಎಚ್‌ಟಿ-2 ಮೊದಲು ನೆಲ ಬಿಟ್ಟಾಗಲೂ ಕಾಕ್‌ಪಿಟ್ಟಿನಲ್ಲಿ ಇದ್ದವರು ಇದೇ ಮುನ್ಶಿ. ಶತ್ರುವಿನ ಗುಂಡಿಲ್ಲದ ಆಕಾಶದಲ್ಲೂ ಶೌರ್ಯ ಬೇಕಾಗುತ್ತದೆ ಅನ್ನುವುದಕ್ಕೆ ಅವರೊಬ್ಬರು ಸಾಕು.

1948ರ ನವೆಂಬರ್ 2ರಂದು ಭಾರತದ ಮೊದಲ ಭಾರಿ ಬಾಂಬರ್ ದಳ, ಐದನೇ ಸ್ಕ್ವಾಡ್ರನ್, ಕಾನ್ಪುರದಲ್ಲೇ ಹುಟ್ಟಿತು. ಗುಜರಿ ಬಿದ್ದಿದ್ದ ಊರಲ್ಲೇ! ದಳದ ಹೆಸರು ಟಸ್ಕರ್ಸ್, ದಂತವುಳ್ಳ ಆನೆಗಳು. ಅದು 1957ರಲ್ಲಿ ಕ್ಯಾನ್‌ಬೆರಾ ಜೆಟ್‌ಗಳಿಗೆ ಬದಲಾಯಿತು. ಆರನೇ ಸ್ಕ್ವಾಡ್ರನ್ ಮಾತ್ರ ಸಮುದ್ರ ಕಾಯುವ ಕೆಲಸಕ್ಕೆ ಲಿಬರೇಟರ್‌ಗಳನ್ನು 1968ರ ಕೊನೆಯವರೆಗೂ ಹಾರಿಸಿತು. ಮಿಕ್ಕ ದೇಶಗಳೆಲ್ಲ ಎಂದೋ ಕರಗಿಸಿ ಪಾತ್ರೆ ಪಗಡಿ ಮಾಡಿದ್ದವು. ಸೈನಿಕ ಸೇವೆಯಲ್ಲಿದ್ದವುಗಳಲ್ಲಿ ಭಾರತದ ಲಿಬರೇಟರ್‌ಗಳು ಜಗತ್ತಿನಲ್ಲೇ ಕೊನೆಯವು.

ಆಗ ಎಚ್ಚೆತ್ತರು ನೋಡಿ ಮ್ಯೂಸಿಯಂನವರು. ಕಡೆಗೊಂದು ಲಿಬರೇಟರ್ ಬೇಕೆಂದರೆ ಭಾರತಕ್ಕೇ ಬರಬೇಕು! 1968ರಲ್ಲಿ ಕೆನಡಾದ ವಾಯುಪಡೆ ಸಿಬ್ಬಂದಿ ಬಂದು ಒಂದನ್ನು ಹಾರಿಸಿಕೊಂಡೇ ಹೋದರು. 1969ರಲ್ಲಿ ಇನ್ನೊಂದು ಭಾರತದಿಂದ ಅರಿಜೋನಾದವರೆಗೆ ಸ್ವಂತ ರೆಕ್ಕೆಯ ಮೇಲೆ ಹೋಯಿತು. 1974ರಲ್ಲಿ ಮತ್ತೊಂದು ಬ್ರಿಟನ್ನಿಗೆ. ಒಂದು ಸಲ ಹಾರಿದರೆ ಸಾಕು ಎಂದು ತೇಪೆ ಹಾಕಿದ ವಿಮಾನಗಳು, ಬೆಂಗಳೂರಿನ ಪೂರ್ತಿ ರಿಪೇರಿಯ ಬಲದಿಂದ ಸುಮಾರು ಇಪ್ಪತ್ತು ವರ್ಷದ ಮೇಲೂ ಖಂಡ ದಾಟಿದವು.

ಇವುಗಳಲ್ಲೆಲ್ಲ ಚಂದದ್ದು 1944ರಲ್ಲಿ ಟೆಕ್ಸಾಸ್‌ನ ಫೋರ್ಟ್ ವರ್ತ್‌ನಲ್ಲಿ ತಯಾರಾದ ಒಂದರ ಕಥೆ. 1981ರಲ್ಲಿ ಬ್ರಿಟನ್ನಿನ ಸಂಗ್ರಹಕಾರ ಡಗ್ ಅರ್ನಾಲ್ಡ್ ಅದನ್ನು ಕೊಂಡು, ಬಿಚ್ಚಿಸಿ, ಸರಕು ವಿಮಾನದ ಹೊಟ್ಟೆಯಲ್ಲಿ ತುಂಬಿಸಿ ಇಂಗ್ಲೆಂಡಿಗೆ ಒಯ್ದರು. ಅಲ್ಲಿಂದ ಅದು ಅಮೆರಿಕದ ಕಾಲಿಂಗ್ಸ್ ಫೌಂಡೇಷನ್ ಪಾಲಾಯಿತು. ಅವರ ಯೋಚನೆ ಸುಮ್ಮನೆ ನಿಲ್ಲಿಸಿ ತೋರಿಸುವುದಷ್ಟೇ ಇತ್ತು. ಪಟ್ಟು ಹಿಡಿದವರು ಲಿಬರೇಟರ್‌ನಲ್ಲಿ ಹಾರಿದ್ದ ಹಳೆಯ ಯೋಧರು: ನಿಲ್ಲಿಸಿಟ್ಟರೆ ಸಾಲದು, ಹಾರಿಸಿ! 1989ರಲ್ಲಿ ಅದು ಹಾರಿಯೇಬಿಟ್ಟಿತು. ಮುಂದೆ ವರ್ಷಗಟ್ಟಲೆ ಅಮೆರಿಕದ ಊರೂರು ತಿರುಗಿತು. ಹೋದಲ್ಲೆಲ್ಲ ಎಂಬತ್ತು ತೊಂಬತ್ತು ದಾಟಿದ ಅಜ್ಜಂದಿರು ಮಕ್ಕಳು ಮೊಮ್ಮಕ್ಕಳ ಕೈ ಹಿಡಿದು ಬಂದರು, ಆ ಒಂಬತ್ತು ಇಂಚಿನ ಪಟ್ಟಿಯ ಮೇಲೆ ಮತ್ತೊಮ್ಮೆ ಹೆಜ್ಜೆ ಇಟ್ಟರು. ಅವರು ಮುಟ್ಟಿದ ವಿಮಾನವನ್ನು ಕಾನ್ಪುರದ ಬಯಲಿನಿಂದ ಎತ್ತಿ ತಂದದ್ದು ನಮ್ಮವರು.

ಪೈಲಟ್‌ನ ಹೆಸರಾದರೂ ಪುಸ್ತಕಗಳಲ್ಲಿ ಉಳಿಯಿತು. ರಿವೆಟ್ ಹೊಡೆದವರದು, ಮರಳು ತೆಗೆದವರದು, ತಂತಿ ಎಳೆದವರದು ಉಳಿಯುವುದು ಮನೆಗಳಲ್ಲಿ ಮಾತ್ರ. ಬೆಂಗಳೂರಿನ ವಿಮಾನಪುರ, ಮುರುಗೇಶ್‌ಪಾಳ್ಯ, ದೊಮ್ಮಲೂರಿನ ಎಷ್ಟೋ ಮನೆಗಳಲ್ಲಿ ಎಚ್‌ಎಎಲ್‌ನಿಂದ ನಿವೃತ್ತರಾದ ಹಿರಿಯರಿದ್ದಾರೆ, ಹೋದ ಹಿರಿಯರ ಟ್ರಂಕುಗಳಿವೆ. ನಿಮ್ಮ ಮನೆಯಲ್ಲೂ ಒಂದಿದ್ದರೆ ತೆರೆದು ನೋಡಿ. ಹಳೆಯ ಗೇಟ್‌ಪಾಸ್, ನಾಲ್ಕು ಎಂಜಿನ್ನಿನ ವಿಮಾನದ ಮುಂದೆ ನಿಂತ ಗುಂಪು ಫೋಟೊ, ಯಾವುದೇ ಸಿಕ್ಕಲಿ, ಹಿಂದೆ ಹೆಸರು ಬರೆದಿಡಿ. ಹಳೆ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂಗೆ ಅದರ ಒಂದು ಪ್ರತಿ ತಲುಪಿಸಿ.