ನೆರೆಯ ಅಂಕಿಗಳ ಜೋಡಣೆ: ಪೈಥಾನ್ ಭಾಷೆಯ ಒಂದು ಕಿರುವಿಧಾನ

ವಿದ್ಯುತ್ ಮಾಪಕದ ಒಂದೇ ಅಂಕಿಯನ್ನು ನೋಡಿದರೆ ಆ ತಿಂಗಳ ಖರ್ಚು ತಿಳಿಯದು. ಹಿಂದಿನ ತಿಂಗಳ ಅಂಕಿಯನ್ನು ಪಕ್ಕದಲ್ಲಿಟ್ಟು ಕಳೆದಾಗಲೇ ಲೆಕ್ಕ ದೊರೆಯುವುದು. ಜಲಾಶಯದ ಮಟ್ಟ, ರೋಗಿಯ ಜ್ವರ, ಪೇಟೆಯ ಧಾರಣೆ ಇವುಗಳ ಏರಿಳಿತವನ್ನು ಅರಿಯಲೂ ಇದೇ ದಾರಿ.

ಗೈಡೋ ವಾನ್ ರೋಸಮ್ ಎಂಬ ಡಚ್ ವಿದ್ವಾಂಸರು ರೂಪಿಸಿ 1991ರಲ್ಲಿ ಬಿಡುಗಡೆ ಮಾಡಿದ ಪೈಥಾನ್ ಎಂಬ ಗಣಕಭಾಷೆಯಲ್ಲಿ ಈ ಕೆಲಸಕ್ಕೆ ತೊಡಗುವ ಹೊಸಬರು ಸಾಮಾನ್ಯವಾಗಿ ಸ್ಥಾನಸಂಖ್ಯೆಯ ಮಾರ್ಗವನ್ನು ಹಿಡಿಯುತ್ತಾರೆ: ಪ್ರತಿಯೊಂದು ಸ್ಥಾನದ ಅಂಕಿಯಿಂದ ಅದರ ಹಿಂದಿನ ಸ್ಥಾನದ ಅಂಕಿಯನ್ನು ಕಳೆಯುವುದು. ಮಾಪಕದ ಅಂಕಿಗಳು 4210, 4298, 4391, 4475 ಎಂದಿರಲಿ. ಬರಬೇಕಾದ ಉತ್ತರಗಳು ಮೂರು: 88, 93, 84. ಆದರೆ ಪೈಥಾನಿನಲ್ಲಿ ಎಣಿಕೆ ಸೊನ್ನೆಯಿಂದ ಆರಂಭವಾಗುತ್ತದೆ. ಅದರ ಹಿಂದಿನ ಋಣ ಒಂದು ಎಂಬ ಸ್ಥಾನವು ಪಟ್ಟಿಯ ಕಟ್ಟಕಡೆಯ ಅಂಕಿಯನ್ನು ಸೂಚಿಸುತ್ತದೆ. ಆದ್ದರಿಂದ ಮೊದಲ ಸುತ್ತಿನಲ್ಲಿಯೇ 4210ರಿಂದ 4475 ಕಳೆದು ಋಣ 265 ಎಂಬ ಅಸಂಬದ್ಧ ಫಲ ಬರುತ್ತದೆ. ನಾಲ್ಕನ್ನೂ ಕೂಡಿದರೆ ಮೊತ್ತ ಸೊನ್ನೆ! ಮೂರು ತಿಂಗಳು ದೀಪವೇ ಉರಿಯಲಿಲ್ಲವೆಂದು ವರದಿ ಸಿದ್ಧವಾಗುತ್ತದೆ. ಯಂತ್ರವು ಮಾತ್ರ ಯಾವ ಎಚ್ಚರಿಕೆಯನ್ನೂ ಕೊಡುವುದಿಲ್ಲ.

2000ನೆಯ ಇಸವಿಯ 2.0 ಆವೃತ್ತಿಯಲ್ಲಿ ಬಂದ 'ಜಿಪ್' ಎಂಬ ಸೌಲಭ್ಯವು ಈ ತೊಡಕನ್ನು ಒಂದೇ ಸಾಲಿನಲ್ಲಿ ನಿವಾರಿಸುತ್ತದೆ. ಪಟ್ಟಿಯನ್ನೂ, ಮೊದಲ ಅಂಕಿಯನ್ನು ಬಿಟ್ಟ ಅದೇ ಪಟ್ಟಿಯನ್ನೂ ಅದಕ್ಕೆ ಒಪ್ಪಿಸಿದರೆ, ಚೀಲದ ಜಿಪ್ಪಿನ ಹಲ್ಲುಗಳಂತೆ ಎರಡೂ ಹೆಣೆದುಕೊಂಡು 4210ಕ್ಕೆ 4298, 4298ಕ್ಕೆ 4391, 4391ಕ್ಕೆ 4475 ಜೊತೆಯಾಗುತ್ತವೆ. ಚಿಕ್ಕ ಪಟ್ಟಿ ಮುಗಿದೊಡನೆ ಜೋಡಣೆಯೂ ನಿಲ್ಲುವುದರಿಂದ, ಕೊನೆಯ ಅಂಕಿಗೆ ಇಲ್ಲದ ನೆರೆಯವನನ್ನು ಹುಡುಕುವ ಪ್ರಸಂಗವೇ ಇಲ್ಲ.

ಮೊದಲ ಅಂಕಿಯನ್ನು ಬಿಡುವಾಗ ಪಟ್ಟಿಯ ಇನ್ನೊಂದು ಪ್ರತಿ ತಯಾರಾಗುತ್ತದೆಂಬುದು ಇದರ ಸಣ್ಣ ಕುಂದು. ಲಕ್ಷಗಟ್ಟಲೆ ಅಂಕಿಗಳಿದ್ದಲ್ಲಿ ಅದು ಹೊರೆಯೇ ಸರಿ. ಒಂದೊಂದಾಗಿ ಹರಿದುಬರುವ ಅಂಕಿಗಳನ್ನಂತೂ ಹೀಗೆ ತುಂಡರಿಸಲಾಗದು. 2021ರ 3.10 ಆವೃತ್ತಿಯಲ್ಲಿ ಸೇರಿದ 'ಪೇರ್‌ವೈಸ್' ಹಿಂದಿನ ಒಂದು ಅಂಕಿಯನ್ನಷ್ಟೇ ನೆನಪಿನಲ್ಲಿಟ್ಟುಕೊಂಡು ಮುಂದುವರಿಯುತ್ತದೆ.

ಬೆಂಚಿಗೆ ಇಬ್ಬರಂತೆ ಮಕ್ಕಳನ್ನು ಕೂಡಿಸುವುದು ಬೇರೆಯೇ ಲೆಕ್ಕ. ಅಲ್ಲಿ ಒಬ್ಬನು ಎರಡು ಜೋಡಿಗಳಲ್ಲಿ ಬರುವಂತಿಲ್ಲ. ಸಮ ಸ್ಥಾನದವರನ್ನೂ ಬೆಸ ಸ್ಥಾನದವರನ್ನೂ 'ಜಿಪ್'ನಿಂದ ಹೆಣೆಯಬಹುದಾದರೂ, ಒಟ್ಟು ಸಂಖ್ಯೆ ಬೆಸವಾಗಿದ್ದರೆ ಕೊನೆಯ ಹುಡುಗನು ಸದ್ದಿಲ್ಲದೆ ಪಟ್ಟಿಯಿಂದ ಬಿದ್ದುಹೋಗುತ್ತಾನೆ. 2023ರ 3.12 ಆವೃತ್ತಿಯ 'ಬ್ಯಾಚ್ಡ್' ಅವನಿಗೆ ಒಂಟಿಯಾಗಿಯಾದರೂ ಸ್ಥಳ ಕೊಡುತ್ತದೆ.