ಹೂಮಳೆ ಮುಗಿದ ಮೇಲೆ ಜೇನಿಗೆ ಹಿತ್ತಲೇ ಗತಿ

ಬೇಸಿಗೆಯಲ್ಲಿ ಹೂಮಳೆ ಬಿದ್ದು ಎಂಟು-ಹತ್ತು ದಿನಕ್ಕೆ ಮಲೆನಾಡಿನ ಬಾಳೂರಿನ ಸುತ್ತಲ ಕಾಫಿ ತೋಟಗಳು ಬೆಳ್ಳಗಾಗುತ್ತವೆ. ಊರಿಗೆ ಊರೇ ಘಮಘಮ. ಹೆಜ್ಜೇನು, ತುಡುವೆ, ಮುಜಂಟಿ ಎಲ್ಲಕ್ಕೂ ಆಗ ಹಬ್ಬ. ಎರಡು ಮೂರು ದಿನಕ್ಕೆ ಹೂ ಕಂದುತ್ತದೆ. ಆಮೇಲೆ ಅದೇ ಜೇನು ವರ್ಷವೆಲ್ಲ ಏನು ತಿಂದು ಬದುಕಬೇಕು?

ತೋಟದವರಿಗೆ ಇದು ಸಣ್ಣ ಪ್ರಶ್ನೆಯಲ್ಲ. ಅರೇಬಿಕಾ ಬಹುಮಟ್ಟಿಗೆ ತನ್ನದೇ ಪರಾಗದಿಂದ ಕಾಯಿ ಕಟ್ಟುತ್ತದೆ. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗವೇ ಆಗಬೇಕು. ಗಾಳಿ ಒಂದಿಷ್ಟು ತರುತ್ತದೆ, ಉಳಿದದ್ದು ಜೇನಿನ ಪಾಲು. ಏಲಕ್ಕಿಯಂತೂ ಜೇನನ್ನೇ ನಂಬಿದ ಬೆಳೆ. ಆ ಜೇನಿಗೂ ಕೇಡು ತಪ್ಪಿದ್ದಲ್ಲ: 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ವೈರಸ್ ದಕ್ಷಿಣ ಭಾರತದ ತುಡುವೆ ಕುಟುಂಬಗಳನ್ನು ಸವರಿಹಾಕಿ ಪೆಟ್ಟಿಗೆಗಳನ್ನು ಬರಿದು ಮಾಡಿತು.

ಜೇನಿಗೆ ಹಸಿವಿನ ಕಾಲವೆಂದರೆ ಮಳೆಗಾಲ. ಜಡಿಮಳೆ ಹಿಡಿದರೆ ಗೂಡು ಬಿಟ್ಟು ಹೊರಡುವುದೇ ಕಷ್ಟ; ಮಳೆ ಹೊಳವಾದ ಒಂದು ಗಂಟೆಯಲ್ಲಿ ಸಿಕ್ಕಿದ್ದೇ ಊಟ. ಮಲೆನಾಡಿನ ಹೆಂಗಸರು ಅಂಗಳದಲ್ಲಿ ಬೆಳೆಸುವ ಕರ್ಣಕುಂಡಲ, ಡೇರೆ ಒದಗುವುದು ಇಂಥ ಹೊತ್ತಿಗೆ. ಡೇರೆಯಲ್ಲಿ ಒಂದು ಸೂಕ್ಷ್ಮವಿದೆ. ಚೆಂಡಿನಂತೆ ಎಸಳು ತುಂಬಿದ ಡೇರೆ ನೋಟಕ್ಕೆ ಚಂದ, ಆದರೆ ಮಕರಂದವಿರುವ ನಡುಭಾಗ ಎಸಳುಗಳಡಿ ಮುಚ್ಚಿಹೋಗಿರುತ್ತದೆ. ಒಂದೇ ಸುತ್ತಿನ ಡೇರೆಯಲ್ಲಿ ಹಳದಿ ನಡು ತೆರೆದಿರುತ್ತದೆ. ಜೇನು ಅದರ ಮೇಲೆ ಗಿರಗಿರನೆ ಸುತ್ತಿ, ಹಿಂಗಾಲಿಗೆ ಪರಾಗದ ಉಂಡೆ ಮೆತ್ತಿಕೊಂಡು ಹಾರುತ್ತದೆ.

ತರಕಾರಿ ಬೆಳೆಯುವವರಿಗೆ ಲಾಭ ಕಣ್ಣೆದುರೇ ಕಾಣುತ್ತದೆ. ಸಿಹಿಗುಂಬಳದ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ; ಬೆಳಗ್ಗೆ ಅರಳಿ ಮಧ್ಯಾಹ್ನದೊಳಗೆ ಮುದುಡುತ್ತವೆ. ಅಷ್ಟರಲ್ಲಿ ಜೇನು ಬಾರದಿದ್ದರೆ ಹೀಚು ಹಳದಿಯಾಗಿ ಉದುರುತ್ತದೆ. ಬದನೆಗೆ ಬೇರೆಯೇ ಕೆಲಸಗಾರ: ಮರ ಕೊರೆಯುವ ಕಪ್ಪು ದುಂಬಿ. ಅದು ಹೂವನ್ನು ಅವುಚಿ ಹಿಡಿದು ಗುಂಯ್‌ಗುಟ್ಟಿದಾಗ ಆ ನಡುಕಕ್ಕೆ ಪರಾಗ ಹಿಟ್ಟಿನಂತೆ ಸುರಿಯುತ್ತದೆ. ತುಡುವೆಗೆ ಈ ವಿದ್ಯೆ ಬರದು. ಸೌದೆ ಕೊಟ್ಟಿಗೆಯಲ್ಲಿ ನಾಲ್ಕು ಒಣ ಬಿದಿರು ಉಳಿಸಿದರೆ ದುಂಬಿ ಅಲ್ಲೇ ಸಂಸಾರ ಹೂಡುತ್ತದೆ. ನೆಲದಲ್ಲಿ ಬಿಲ ತೋಡುವ ಜೇನುಗಳೂ ಇವೆ. ಅಂಗಳವನ್ನೆಲ್ಲ ಸಿಮೆಂಟಿನಿಂದ ಮುಚ್ಚಿದರೆ ಅವಕ್ಕೆ ನೆಲೆಯಿಲ್ಲ.

ಚಿಟ್ಟೆ ಬೇಕೆಂದರೆ ಎಲೆ ತಿನ್ನುವ ಹುಳುವನ್ನೂ ಸಹಿಸಬೇಕು. ಕರಿಬೇವಿನ ಎಲೆಯ ಮೇಲೆ ಹಕ್ಕಿಯ ಹಿಕ್ಕೆಯಂತೆ ಕೂತಿರುವ ಮರಿಹುಳು ಮುಂದೆ ಕಪ್ಪು ರೆಕ್ಕೆಯ ಚೆಲುವಾದ ಚಿಟ್ಟೆಯಾಗುತ್ತದೆ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಈಶ್ವರಿ ಬಳ್ಳಿ ಮತ್ತು ಅದರ ಬಳಗದ ಗಿಡಗಳ ಮೇಲೆ. ಬೇಲಿ ಸವರುವಾಗ ಆ ಬಳ್ಳಿಯನ್ನು ಗುರುತಿಸಿ ಉಳಿಸಬೇಕು.

ತುಂಬೆಯನ್ನು ಕಳೆ ಎಂದು ಕಳೆನಾಶಕ ಹೊಡೆಯುವುದು ಬೇಡ. ಆ ಪುಟ್ಟ ಬಿಳಿ ಹೂವಿನಲ್ಲಿ ಜೇನಿಗೂ ಚಿಟ್ಟೆಗೂ ಮಕರಂದವಿದೆ. ಮುಂಗಾರಿಗೆ ಮುಂಚೆ ನೆರೆಮನೆಯಿಂದ ಡೇರೆ ಗೆಡ್ಡೆ ತರುವಾಗ ಒಂಟಿ ಸುತ್ತಿನ ಜಾತಿಯದ್ದನ್ನೂ ಒಂದೆರಡು ಕೇಳಿ ತನ್ನಿ.